ಕೊರವಂಜಿಯ ನಗೆಗೆ ಈಗ ಅಡಿಟಿಪ್ಪಣಿ ಬೇಕೇ?

'ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ.' ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿಯಂಥ ಊರಿನಲ್ಲಿ ಈ ಗಾದೆಯನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಊರಿನ ಹೆಸರೇ ಎಮ್ಮೆಗಳ ದೊಡ್ಡಿ. ಬಾಬಾಬುಡನ್ ಗಿರಿಗಳ ಮೂಡಣ ಮಗ್ಗುಲಿನ ಈ ಸೀಮೆಯಲ್ಲಿ ಜನಪದ ಹಾಡಿನಿಂದ ನಾಡಿಗೆಲ್ಲ ಪರಿಚಿತವಾದ ಮದಗದ ಕೆರೆ ಇದೆ. ಅಮೃತಮಹಲ್ ರಾಸುಗಳಿಗೆಂದು ಅರಸರ ಕಾಲದಲ್ಲಿ ಬಿಟ್ಟ ಕಾವಲುಗಳಿವೆ. ಅದೇ ತಳಿಯ ಸಂವರ್ಧನಾ ಕೇಂದ್ರ ಅಜ್ಜಂಪುರದಲ್ಲಿದೆ. ಎತ್ತು ಈಯುವುದಿಲ್ಲ ಎಂಬುದು ಇಲ್ಲಿ ಮೂರು ವರ್ಷದ ಮಗುವಿಗೂ ಗೊತ್ತು. ಆದ್ದರಿಂದ ಗಾದೆಯ ಪೆಟ್ಟು ಎತ್ತಿಗೆ ಬೀಳುವುದಿಲ್ಲ. ಮೇಲಿನವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಹುಕುಂ ಹೊರಡಿಸುವ ಯಜಮಾನನಿಗೆ ಬೀಳುತ್ತದೆ.

ಆದರೆ ಹಾಲು ಪ್ಯಾಕೆಟ್ಟಿನಲ್ಲಿ ಬರುತ್ತದೆ ಎಂದಷ್ಟೇ ತಿಳಿದು ಬೆಳೆದ ನಗರದ ಹುಡುಗನಿಗೆ ಇದೇ ಗಾದೆಯನ್ನು ಹೇಳಿದರೆ ಮೊದಲು 'ಈಯುವುದು' ಎಂದರೇನು ಎಂದು ವಿವರಿಸಬೇಕು. ನಂತರ ಎತ್ತಿಗೂ ಹಸುವಿಗೂ ಇರುವ ವ್ಯತ್ಯಾಸ ಹೇಳಬೇಕು. ಕೊಟ್ಟಿಗೆ ಎಂದರೇನೆಂದು ತೋರಿಸಬೇಕು. ಇಷ್ಟೆಲ್ಲ ಆಗುವ ಹೊತ್ತಿಗೆ ನಗು ಆರಿಹೋಗಿರುತ್ತದೆ. ಹಾಸ್ಯಕ್ಕೆ ಅಡಿಟಿಪ್ಪಣಿ ಬೇಕಾದ ದಿನವೇ ಅದು ಚರಿತ್ರೆಯ ದಾಖಲೆಯಾಗುತ್ತದೆ.

ಕನ್ನಡದ ಹಳೆಯ ನಗೆಪತ್ರಿಕೆಗಳಿಗೆ, ಹಳ್ಳಿಯ ಬದುಕನ್ನು ಕುರಿತ ಲಘು ಬರಹಗಳಿಗೆ ಈಗ ಬಂದಿರುವ ಸ್ಥಿತಿ ಇದು. ಅವು ಹಳತಾಗಿವೆ ಎಂದು ಮೂಲೆಗೆ ಸರಿಸುವವರೇ ಹೆಚ್ಚು. ಆದರೆ ನಮ್ಮ ಅಜ್ಜ, ಮುತ್ತಜ್ಜಂದಿರ ದಿನನಿತ್ಯದ ಬಾಳು ಹೇಗಿತ್ತು ಎಂದು ತಿಳಿಯಬೇಕಾದರೆ ಅವಕ್ಕಿಂತ ಒಳ್ಳೆಯ ಆಕರ ಸಿಗುವುದು ಕಷ್ಟ.

ಗೆಜೆಟಿಯರ್ ಬಿಟ್ಟದ್ದು

ಮೈಸೂರು ಸಂಸ್ಥಾನದ ಚರಿತ್ರೆ ಬರೆಯುವವರು ಮೊದಲು ತೆರೆಯುವುದು ಗೆಜೆಟಿಯರ್‌ಗಳನ್ನು. ಬಿ.ಎಲ್. ರೈಸ್ ಅವರ ಗೆಜೆಟಿಯರ್ 1877ರ ಸುಮಾರಿಗೆ ಮೊದಲು ಬಂದಿತು, 1897ರಲ್ಲಿ ಪರಿಷ್ಕೃತವಾಯಿತು. ಸಿ. ಹಯವದನರಾಯರು ಸಂಪಾದಿಸಿದ ಸಂಪುಟಗಳು 1927ರಿಂದ 1930ರವರೆಗೆ ಪ್ರಕಟವಾದವು. ಇಂದಿನ ಚಿಕ್ಕಮಗಳೂರು ಜಿಲ್ಲೆ ಅವುಗಳಲ್ಲಿ 'ಕಡೂರು ಜಿಲ್ಲೆ'. ಜಿಲ್ಲೆಯ ಕೇಂದ್ರಸ್ಥಾನ 1865ರಲ್ಲೇ ಚಿಕ್ಕಮಗಳೂರಿಗೆ ಹೋಗಿದ್ದರೂ ಹೆಸರು ಮಾತ್ರ 1947ರವರೆಗೆ ಕಡೂರಿನದೇ ಉಳಿದಿತ್ತು. ಕಚೇರಿ ಒಂದು ಊರಿನಲ್ಲಿ, ಹೆಸರು ಇನ್ನೊಂದು ಊರಿನಲ್ಲಿ! ಇದೇ ಒಂದು ನಗೆಬರಹಕ್ಕೆ ಸಾಕಾಗುವಷ್ಟು ಸಾಮಗ್ರಿ.

ಗೆಜೆಟಿಯರ್‌ನಲ್ಲಿ ಮಳೆಯ ಪ್ರಮಾಣ ಸಿಗುತ್ತದೆ, ಕೆರೆಗಳ ವಿವರ ಸಿಗುತ್ತದೆ, ಕಂದಾಯದ ಲೆಕ್ಕ ಸಿಗುತ್ತದೆ. ಅಮಲ್ದಾರರು ಮೊಕ್ಕಾಂ ಬರುತ್ತಾರೆಂದು ಸುದ್ದಿ ಬಂದಾಗ ಊರಿನಲ್ಲಿ ಏಳುತ್ತಿದ್ದ ಗಡಿಬಿಡಿ ಮಾತ್ರ ಸಿಗುವುದಿಲ್ಲ. ಶಾನುಭೋಗರ ಖಿರ್ದಿ ಪುಸ್ತಕವನ್ನು ಕಂಡರೆ ರೈತನಿಗೆ ಏಕೆ ಎದೆ ನಡುಗುತ್ತಿತ್ತು, ಶಾಲಾ ಇನ್ಸ್‌ಪೆಕ್ಟರು ಬರುವ ದಿನ ಮೇಷ್ಟರು ಯಾವ ಹುಡುಗನನ್ನು ಹಿಂದಿನ ಸಾಲಿಗೆ ಕಳುಹಿಸುತ್ತಿದ್ದರು, ಓದುಬಾರದವರ ಮನೆಗೆ ಕಾಗದ ಬಂದಾಗ ಅದನ್ನು ಓದಿ ಹೇಳುವವನಿಗೆ ಎಷ್ಟು ಗೌರವ ಇತ್ತು ಎಂಬುದನ್ನು ಸರ್ಕಾರಿ ಸಂಪುಟಗಳು ಬರೆದುಕೊಳ್ಳಲಿಲ್ಲ. ಅದು ಅವುಗಳ ಕೆಲಸವೂ ಆಗಿರಲಿಲ್ಲ. ಆ ಕೆಲಸ ಹಾಸ್ಯಗಾರರ ಪಾಲಿಗೆ ಬಂದಿತು.

ಚಿತ್ರ ಬರೆದ ಇಬ್ಬರು

ಹಳ್ಳಿಯ ಬದುಕನ್ನು ನಗುತ್ತ ಬರೆಯಬಹುದು ಎಂದು ಹೊಸಗನ್ನಡದಲ್ಲಿ ತೋರಿಸಿಕೊಟ್ಟವರಲ್ಲಿ ಗೊರೂರು ರಾಮಸ್ವಾಮಿ ಅಯ್ಯಂಗಾರ್ ಮುಖ್ಯರು. ಹೇಮಾವತಿ ದಂಡೆಯ ಗೊರೂರಿನಲ್ಲಿ 1904ರಲ್ಲಿ ಹುಟ್ಟಿದ ಅವರು ಗಾಂಧೀಜಿಯ ಚಳವಳಿಯಲ್ಲಿ ತೊಡಗಿಕೊಂಡವರು. ಅವರ 'ಹಳ್ಳಿಯ ಚಿತ್ರಗಳು' ಪ್ರಕಟವಾದದ್ದು 1930ರಲ್ಲಿ. ಗ್ರಾಮೋದ್ಧಾರದ ಭಾಷಣಗಳು ಮೊಳಗುತ್ತಿದ್ದ ಆ ದಿನಗಳಲ್ಲಿ ಗೊರೂರರು ಹಳ್ಳಿಯನ್ನು ಉದ್ಧಾರ ಮಾಡಲು ಹೊರಟ ಜಾಗವೆಂದು ನೋಡಲಿಲ್ಲ. ತಮ್ಮದೇ ಮನೆಯೆಂದು ನೋಡಿದರು. ಅವರ ಬರಹದಲ್ಲಿ ಹಳ್ಳಿಗನ ಪೆದ್ದುತನಕ್ಕಿಂತ ಹಳ್ಳಿಗನನ್ನು ಪೆದ್ದನೆಂದು ತಿಳಿದವನ ಪೆದ್ದುತನವೇ ಹೆಚ್ಚು ಬಯಲಾಗುತ್ತದೆ.

ಅದೇ 1904ರಲ್ಲಿ, ಅಂದಿನ ಕಡೂರು ಜಿಲ್ಲೆಯ ಕೊಪ್ಪ ಸೀಮೆಯ ಹಿರೇಕೊಡಿಗೆಯಲ್ಲಿ ಹುಟ್ಟಿದವರು ಕುವೆಂಪು. ಮಹಾಕವಿಯೆಂದು ಅವರನ್ನು ನೆನೆಯುವವರು 1933ರಲ್ಲಿ ಬಂದ ಅವರ 'ಮಲೆನಾಡಿನ ಚಿತ್ರಗಳು' ಪುಸ್ತಕವನ್ನು ಅಷ್ಟಾಗಿ ನೆನೆಯುವುದಿಲ್ಲ. ಕಾಡು, ಬೇಟೆ, ಮನೆಯಾಳುಗಳು, ಬಾಲ್ಯದ ಸಾಹಸಗಳ ಆ ಬರಹಗಳಲ್ಲಿ ತಿಳಿಹಾಸ್ಯ ಧಾರಾಳವಾಗಿದೆ. ಒಬ್ಬರು ಬಯಲಿನ ಅಂಚಿನವರು, ಇನ್ನೊಬ್ಬರು ಮಲೆಯ ಒಳಗಿನವರು. ಇಬ್ಬರೂ ತಮ್ಮ ಪುಸ್ತಕಗಳ ಹೆಸರಿನಲ್ಲಿ 'ಚಿತ್ರ' ಎಂಬ ಪದವನ್ನೇ ಬಳಸಿದ್ದು ಗಮನಾರ್ಹ. ಕಥೆಗೆ ಬೇಕಾದ ಆದಿ, ಅಂತ್ಯ ಇಲ್ಲದಿದ್ದರೂ ಒಬ್ಬ ವ್ಯಕ್ತಿ, ಒಂದು ಪ್ರಸಂಗ, ಒಂದು ಜಗಳ ಕಣ್ಣಮುಂದೆ ಬಂದು ನಿಂತರೆ ಸಾಕು ಎಂಬ ತಿಳಿವಳಿಕೆ ಅದರಲ್ಲಿದೆ. ಮುಂದೆ ಪತ್ರಿಕೆಗಳ ಲಘುಬರಹಕ್ಕೆ ಹೊಂದಿಕೆಯಾದದ್ದೂ ಇದೇ ಅಳತೆ. ಒಂದೆರಡು ಪುಟ, ಒಬ್ಬ ಮನುಷ್ಯ, ಒಂದು ಪೇಚು.

ಯುದ್ಧದ ನಡುವೆ ಹುಟ್ಟಿದ ಕೂಸು

ನಗೆಗಾಗಿಯೇ ಮೀಸಲಾದ ಪತ್ರಿಕೆ ಬೇಕೆಂದು ಹೊರಟವರು ವೈದ್ಯರು. ಬೆಂಗಳೂರಿನ ಡಾ. ಎಂ. ಶಿವರಾಂ ಅವರು 1942ರಲ್ಲಿ 'ಕೊರವಂಜಿ' ಮಾಸಪತ್ರಿಕೆಯನ್ನು ಆರಂಭಿಸಿದರು. 'ರಾಶಿ' ಎಂಬ ಹೆಸರಿನಿಂದ ಬರೆಯುತ್ತಿದ್ದ ಅವರು ಹಗಲೆಲ್ಲ ರೋಗಿಗಳನ್ನು ನೋಡುತ್ತಿದ್ದರು. ಉಳಿದ ಹೊತ್ತಿನಲ್ಲಿ ಪತ್ರಿಕೆ ನೋಡುತ್ತಿದ್ದರು. ಮನಸ್ಸಿನ ಕಾಯಿಲೆಗಳ ಬಗ್ಗೆ ಅವರಿಗೆ ವಿಶೇಷ ಆಸಕ್ತಿ. ಆ ವಿಷಯವನ್ನು ಕುರಿತ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಮನಸ್ಸಿನ ಬೇನೆಯನ್ನು ಬಲ್ಲವರಿಗೆ ನಗೆಯ ಬೆಲೆ ಗೊತ್ತಿದ್ದುದು ಆಶ್ಚರ್ಯವೇನಲ್ಲ.

1942 ನಗುವ ಕಾಲವಾಗಿರಲಿಲ್ಲ. ಎರಡನೆಯ ಮಹಾಯುದ್ಧ ನಡೆದಿತ್ತು. ಆಗಸ್ಟ್‌ನಲ್ಲಿ 'ಭಾರತ ಬಿಟ್ಟು ತೊಲಗಿ' ಚಳವಳಿ ಹೊತ್ತಿಕೊಂಡಿತು. ಕಾಗದಕ್ಕೆ ಅಭಾವ, ಸೀಮೆಎಣ್ಣೆಗೆ ಅಭಾವ, ಸಕ್ಕರೆಗೆ ಅಭಾವ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡುತ್ತಿದ್ದವು. ಬಸ್ಸಿನ ಹಿಂದೆ ಒಲೆಯಂಥ ಉರುಳೆಯನ್ನು ಕಟ್ಟಿ, ಹೊರಡುವ ಮುನ್ನ ಕೈಚಕ್ರ ತಿರುಗಿಸಿ ಗಾಳಿ ಹಾಕಿ ಬೆಂಕಿ ಎಬ್ಬಿಸಬೇಕಾಗಿತ್ತು. ಏರು ಬಂದರೆ ಪ್ರಯಾಣಿಕರು ಇಳಿಯಬೇಕು. ಕೆಲವೊಮ್ಮೆ ತಳ್ಳಲೂ ಬೇಕು. ಚಾರ್ಜು ಕೊಟ್ಟವರೇ ಬಸ್ಸನ್ನು ಊರು ಮುಟ್ಟಿಸುವ ಈ ಏರ್ಪಾಡು ಹಾಸ್ಯಗಾರರ ಕಣ್ಣಿಗೆ ಬೀಳದೆ ಇರುತ್ತದೆಯೇ?

ಹಳ್ಳಿಗೆ ಯುದ್ಧ ಬಂದದ್ದು 'ಕಂಟ್ರೋಲು' ಎಂಬ ಮಾತಿನ ರೂಪದಲ್ಲಿ. ರೈತ ತಾನು ಬೆಳೆದ ಧಾನ್ಯದ ಒಂದು ಭಾಗವನ್ನು ನಿಗದಿಯಾದ ದರಕ್ಕೆ ಸರ್ಕಾರಕ್ಕೆ 'ಲೆವಿ' ಎಂದು ಅಳೆದುಕೊಡಬೇಕಾಗಿತ್ತು. ಪೇಟೆಯವರು ರೇಷನ್ ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲಬೇಕಾಗಿತ್ತು. ರಾಗಿ ಬೆಳೆದವನು ರಾಗಿ ಬಚ್ಚಿಡುವ ಜಾಗ ಹುಡುಕುತ್ತಿದ್ದ. ರಾಗಿ ಕೊಳ್ಳುವವನು ಬಚ್ಚಿಟ್ಟವನ ಮನೆ ಹುಡುಕುತ್ತಿದ್ದ. ಇಂಥ ಕಾಲದಲ್ಲಿ ನಗೆಪತ್ರಿಕೆ ಹೊರಡಿಸುವುದು ಧೈರ್ಯದ ಕೆಲಸವೇ ಸರಿ. ಅಳುವವರಿಗೆ ಅಳುವ ಪತ್ರಿಕೆ ಬೇಕಾಗಿರಲಿಲ್ಲ ಎಂಬುದು ಮಾತ್ರ ಕೊರವಂಜಿ 25 ವರ್ಷ ಬಾಳಿದ್ದರಿಂದ ಸ್ಪಷ್ಟವಾಗುತ್ತದೆ.

ಬೇರೆ ಕಡೆಗಳಲ್ಲಿ ಇಂಥ ಪ್ರಯತ್ನಗಳು ಮೊದಲೇ ನಡೆದಿದ್ದವು. ಲಂಡನ್ನಿನ 'ಪಂಚ್' 1841ರಲ್ಲಿ ಹುಟ್ಟಿತು. ಅದನ್ನು ನೋಡಿ ಲಖನೌದಲ್ಲಿ 1877ರಲ್ಲಿ ಉರ್ದುವಿನ 'ಅವಧ್ ಪಂಚ್' ಬಂದಿತು. ತಮಿಳಿನಲ್ಲಿ 1920ರ ದಶಕದಲ್ಲಿ 'ಆನಂದ ವಿಕಟನ್' ಕಾಣಿಸಿಕೊಂಡಿತು. ವ್ಯಂಗ್ಯಚಿತ್ರಕಾರ ಶಂಕರ್ ಅವರ ಪ್ರಸಿದ್ಧ 'ಶಂಕರ್ಸ್ ವೀಕ್ಲಿ' ದೆಹಲಿಯಲ್ಲಿ ಆರಂಭವಾದದ್ದು 1948ರಲ್ಲಿ, ಅಂದರೆ ಕೊರವಂಜಿಗಿಂತ ಆರು ವರ್ಷ ತಡವಾಗಿ. ಕನ್ನಡಿಗರು ಈ ವಿಷಯದಲ್ಲಿ ಹಿಂದೆ ಬಿದ್ದವರಲ್ಲ.

ಬುಟ್ಟಿ ಹೊತ್ತು ಬಂದವಳು

ಪತ್ರಿಕೆಗೆ ಇಟ್ಟ ಹೆಸರು ಆಗಿನ ಓದುಗರಿಗೆ ತಟ್ಟನೆ ಅರ್ಥವಾಗುವಂಥದ್ದು. ಕೊರವಂಜಿ ಎಂದರೆ ಕಂಕುಳಲ್ಲಿ ಬುಟ್ಟಿ, ಕೈಯಲ್ಲಿ ಬೆತ್ತ ಹಿಡಿದು ಮನೆಮನೆಗೆ ಬಂದು ಕಣಿ ಹೇಳುವವಳು. ಯಕ್ಷಗಾನಕ್ಕೂ ಹಾಡುಗಳಿಗೂ ಅವಳು ಹಳೆಯ ಪರಿಚಯ. ತಿರುಪತಿಯ ಶ್ರೀನಿವಾಸನೇ ಕೊರವಂಜಿಯ ವೇಷ ತೊಟ್ಟು ಆಕಾಶರಾಜನ ಅರಮನೆಗೆ ಹೋಗಿ ಪದ್ಮಾವತಿಯ ಮದುವೆಯ ಕಣಿ ಹೇಳಿದನೆಂದು ಕಥೆ.

ಕಣಿ ಹೇಳುವವಳಿಗೆ ಒಂದು ಸ್ವಾತಂತ್ರ್ಯವಿತ್ತು. ಅಂಗಳಕ್ಕೆ ಬಂದು ಯಜಮಾನನ ಕೈ ಹಿಡಿದು, ಬೇರೆ ಯಾರೂ ಹೇಳಲಾರದ ಮಾತನ್ನು ಅವಳು ಹೇಳಿಬಿಡಬಹುದಾಗಿತ್ತು. ಹಿಡಿಸಿದರೆ ಮೊರದಲ್ಲಿ ಅಕ್ಕಿ, ಹಿಡಿಸದಿದ್ದರೆ 'ಹೋಗಮ್ಮ ಮುಂದಕ್ಕೆ'. ಕಡೂರು ತಾಲ್ಲೂಕಿನ ಬೀರೂರಿನಲ್ಲಿ ದಸರೆಯ ಸಮಯದಲ್ಲಿ ಮೈಲಾರಲಿಂಗಸ್ವಾಮಿಯ ಕಾರ್ಣಿಕ ನಡೆಯುತ್ತದೆ. ಅಲ್ಲಿ ಒಗಟಿನಂಥ ಒಂದು ಮಾತು ಕೇಳಿಬಂದರೆ ಸಾಕು, ಮಳೆಯಿಂದ ಹಿಡಿದು ಸರ್ಕಾರದವರೆಗೆ ಜನ ಅದಕ್ಕೆ ತಮ್ಮ ತಮ್ಮ ಅರ್ಥ ಕಟ್ಟುತ್ತಾರೆ. ಕಾರ್ಣಿಕವನ್ನು ಜನ ಭಕ್ತಿಯಿಂದ ಕೇಳುತ್ತಾರೆ, ಕೊರವಂಜಿಯ ಕಣಿಯನ್ನು ಅರ್ಧ ನಂಬಿ ಅರ್ಧ ನಗುತ್ತ ಕೇಳುತ್ತಿದ್ದರು. ಆಡಿದ ಮಾತಿನ ಹಿಂದೆ ಆಡದ ಮಾತೊಂದು ಇರುತ್ತದೆ ಎಂಬ ತಿಳಿವು ಎರಡರಲ್ಲೂ ಇದೆ. ಪತ್ರಿಕೆಗೆ ಬೇಕಾಗಿದ್ದದ್ದೂ ಅದೇ.

ಹೆಸರಿನಲ್ಲಿ ಇನ್ನೊಂದು ವಿಷಯವೂ ಅಡಗಿದೆ. ಕೊರವಂಜಿ ಬಂದ ಕೊರವ ಸಮುದಾಯ ಅಲೆಮಾರಿಗಳದು. ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ಮುಂದೆ ಮದರಾಸು ಪ್ರಾಂತ್ಯದಲ್ಲಿ ಕೊರವರ ಮೇಲೂ ಹೇರಲಾಯಿತು. ಹುಟ್ಟಿನಿಂದಲೇ ಅವರನ್ನು ಅನುಮಾನದಿಂದ ನೋಡಲಾಯಿತು. ಆ ಕಾಯ್ದೆ ರದ್ದಾದದ್ದು 1952ರಲ್ಲಿ. ಪತ್ರಿಕೆಯ ಮೊದಲ ಹತ್ತು ವರ್ಷ, ಮುಖಪುಟದಲ್ಲಿ ಮೆರೆದವಳ ಜನ ಕಾನೂನಿನ ಕಣ್ಣಿನಲ್ಲಿ ಅಪರಾಧಿಗಳಾಗಿದ್ದರು. ಹೆಸರು ಅವಳದು, ಬರವಣಿಗೆ ಓದುಬಲ್ಲ ಪೇಟೆಯ ಮಧ್ಯಮ ವರ್ಗದ್ದು. ಇದು ಪತ್ರಿಕೆಯೊಂದರ ತಪ್ಪೆಂದು ಹೇಳುವುದಕ್ಕಿಂತ ಆ ಕಾಲದ ಅಕ್ಷರಲೋಕದ ಮಿತಿ ಎಂದು ಹೇಳುವುದು ಸರಿ. ಹಳೆಯ ಹಾಸ್ಯವನ್ನು ಇಂದು ಓದುವವರು ಯಾರು ನಗುತ್ತಿದ್ದಾರೆ ಎಂಬುದರ ಜತೆಗೆ ಯಾರಿಗೆ ಮಾತಾಡುವ ಅವಕಾಶ ಸಿಕ್ಕಿಲ್ಲ ಎಂಬುದನ್ನೂ ನೋಡಬೇಕಾಗುತ್ತದೆ.

ಹೊರಗಿನಿಂದ ಬಂದ ಕಿವಿ

ಕೊರವಂಜಿಯ ಬಳಗದಲ್ಲಿ ಬಹಳ ದೊಡ್ಡ ಹೆಸರು ನಾ. ಕಸ್ತೂರಿ ಅವರದು. ಕೇರಳದಲ್ಲಿ 1897ರಲ್ಲಿ ಹುಟ್ಟಿ, ಮೈಸೂರಿಗೆ ಬಂದು ಚರಿತ್ರೆಯ ಅಧ್ಯಾಪಕರಾದ ಅವರು ಕನ್ನಡವನ್ನು ಕಲಿತು ಕನ್ನಡದ ಹಾಸ್ಯಗಾರರಾದರು. ಹುಟ್ಟಿನಿಂದ ಆಡುವವರು ಗಮನಿಸದೆ ಬಿಡುವ ಮಾತಿನ ತಿರುವುಗಳು ಕಲಿತವರ ಕಿವಿಗೆ ಬೀಳುತ್ತವೆ. ಅವರ 'ಅನರ್ಥಕೋಶ' ಹುಟ್ಟಿದ್ದು ಇಂಥ ಕಿವಿಯಿಂದ. ಅರ್ಥ ಹೇಳುವ ಪುಸ್ತಕ ಅರ್ಥಕೋಶವಾದರೆ, ಪದಗಳನ್ನು ಬೇಕೆಂದೇ ತಪ್ಪಾಗಿ ಒಡೆದು, ತಿರುಚಿ, ಅಡ್ಡ ಅರ್ಥ ಕೊಡುವ ಪುಸ್ತಕ ಅನರ್ಥಕೋಶ. ಅನರ್ಥ ಎಂಬ ಮಾತಿಗೆ ಕೇಡು ಎಂಬ ಅರ್ಥವೂ ಇರುವುದರಿಂದ ಹೆಸರಿನಲ್ಲೇ ಎರಡು ಪೆಟ್ಟು. ಅಮೆರಿಕದ ಆಂಬ್ರೋಸ್ ಬಿಯರ್ಸ್ 1911ರಲ್ಲಿ 'ಸೈತಾನನ ನಿಘಂಟು' ಪ್ರಕಟಿಸಿ ಇಂಥದೇ ಆಟ ಆಡಿದ್ದರು. ಆದರೆ ಬಿಯರ್ಸ್ ಅವರದು ಕಹಿ ನಗೆ; ಕಸ್ತೂರಿಯವರದು ಬಹುಪಾಲು ಮಾತಿನ ಚೇಷ್ಟೆ.

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದುತ್ತಿದ್ದ ತರುಣನೊಬ್ಬ ಕೊರವಂಜಿಗೆ ಚಿತ್ರ ಬರೆಯತೊಡಗಿದ. ಹೆಸರು ಆರ್.ಕೆ. ಲಕ್ಷ್ಮಣ್. ಮೈಸೂರಿನಲ್ಲಿ 1921ರಲ್ಲಿ ಹುಟ್ಟಿದ ಲಕ್ಷ್ಮಣ್ ಮುಂದೆ ಮುಂಬಯಿಯ 'ಟೈಮ್ಸ್ ಆಫ್ ಇಂಡಿಯಾ' ಸೇರಿ, ಧೋತರ ಮತ್ತು ಚೌಕಳಿ ಕೋಟು ತೊಟ್ಟ 'ಶ್ರೀಸಾಮಾನ್ಯ'ನನ್ನು ದೇಶಕ್ಕೆಲ್ಲ ಪರಿಚಯಿಸಿದರು. ಆ ಶ್ರೀಸಾಮಾನ್ಯ ಎಂದೂ ಮಾತಾಡುವುದಿಲ್ಲ. ನಡೆಯುವುದನ್ನೆಲ್ಲ ಬೆರಗಾಗಿ ನೋಡುತ್ತಾನೆ. 2015ರಲ್ಲಿ ನಿಧನರಾಗುವ ಹೊತ್ತಿಗೆ ಅವರು ಭಾರತದ ಅತ್ಯಂತ ಪ್ರಸಿದ್ಧ ವ್ಯಂಗ್ಯಚಿತ್ರಕಾರರಾಗಿದ್ದರು. ಅವರ ಕೈ ಪಳಗಿದ ಮೊದಲ ಅಂಗಳಗಳಲ್ಲಿ ಒಂದು ಕನ್ನಡದ ಸಣ್ಣ ಮಾಸಪತ್ರಿಕೆ ಎಂಬುದು ಹೊರಗಿನ ಅನೇಕರಿಗೆ ತಿಳಿದಿಲ್ಲ.

ಅಡುಗೆಮನೆಯಿಂದ ಬಂದ ಉತ್ತರ

ಆ ಕಾಲದ ನಗೆಬರಹಗಳಲ್ಲಿ ಹೆಂಗಸರು ಬಹುತೇಕ ನಗೆಗೆ ಗುರಿಯಾದವರು. ಸೀರೆಗೆ ಹಟ ಹಿಡಿಯುವ ಹೆಂಡತಿ, ಬಾಯಿಬಡುಕಿ ಅತ್ತೆ, ಅಡುಗೆ ಬಾರದ ಸೊಸೆ, ಹೀಗೆ ಸಿದ್ಧವಾದ ಅಚ್ಚುಗಳು ಇದ್ದವು. ಬರೆಯುವವರು ಗಂಡಸರಾದ್ದರಿಂದ ಗಂಡನೆಂಬವನು ಸದಾ ಸಹನಾಮೂರ್ತಿ. ಈ ಅಚ್ಚನ್ನು ತಿರುಗಿಸಿದವರು ಟಿ. ಸುನಂದಮ್ಮ. 1917ರಲ್ಲಿ ಹುಟ್ಟಿದ ಅವರು ಕೊರವಂಜಿಯ ಮೂಲಕವೇ ಓದುಗರಿಗೆ ಪರಿಚಿತರಾಗಿ ಕನ್ನಡದ ಮೊದಲ ಪ್ರಮುಖ ಹಾಸ್ಯಲೇಖಕಿ ಎನಿಸಿದರು. 'ಜಂಬದ ಚೀಲ'ದಂಥ ಸಂಗ್ರಹಗಳು ಅವರ ಹೆಸರಿನೊಡನೆ ಸೇರಿಹೋಗಿವೆ.

ಸುನಂದಮ್ಮನವರು ಎತ್ತಿಕೊಂಡ ವಸ್ತುಗಳು ಸಣ್ಣವು. ಕೆಲಸದವಳು ಬಾರದ ದಿನ, ನೆಂಟರು ಬಂದ ದಿನ, ಪಕ್ಕದ ಮನೆಯವರ ಹೊಸ ಒಡವೆ, ಗಂಡನ ಸಂಬಳ ಮತ್ತು ಗಂಡನ ಮರೆವು. ಆದರೆ ಇವುಗಳನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಾಗ ಸಹನಾಮೂರ್ತಿಯ ಬಣ್ಣ ಬಯಲಾಗುತ್ತದೆ. ಜಗಳವಾಡದೆ, ಭಾಷಣ ಮಾಡದೆ, ನಗುತ್ತಲೇ ಅವರು ಸಾಧಿಸಿದ್ದು ಇದನ್ನು. 1979ರಲ್ಲಿ ಕರ್ನಾಟಕ ಲೇಖಕಿಯರ ಸಂಘ ಸ್ಥಾಪನೆಯಾದಾಗ ಮೊದಲ ಅಧ್ಯಕ್ಷರಾದವರು ಅವರೇ. ಲಘುವೆಂದು ತಳ್ಳಿಹಾಕಲಾದ ಬರವಣಿಗೆಯಿಂದ ಬಂದವರೊಬ್ಬರು ಲೇಖಕಿಯರ ಸಂಘಟನೆಯ ಮುಂಚೂಣಿಯಲ್ಲಿ ನಿಂತದ್ದು ಮಹತ್ವದ ಸಂಗತಿ. ಅವರು 2006ರಲ್ಲಿ ತೀರಿಕೊಂಡರು.

ಮನೆಯೊಳಗಿನ ನಗೆಗೆ ಇನ್ನೊಂದು ಹೆಸರು 'ಆನಂದ' ಎಂಬ ಕಾವ್ಯನಾಮದ ಅಜ್ಜಂಪುರ ಸೀತಾರಾಂ. ದೇವದಾಸಿ ಪದ್ಧತಿಯ ದುರಂತವನ್ನು ಹೇಳುವ 'ನಾನು ಕೊಂದ ಹುಡುಗಿ' ಕಥೆಯಿಂದ ಅವರು ಪ್ರಸಿದ್ಧರು. ಆದರೆ ಗಂಡ ಹೆಂಡಿರ ಸರಸ, ಹುಸಿಮುನಿಸುಗಳ ಲಘು ಕಥೆಗಳನ್ನೂ ಬರೆದವರು. ಅಜ್ಜಂಪುರದ ಹೆಸರು ಕನ್ನಡ ಸಣ್ಣ ಕಥೆಯ ಚರಿತ್ರೆಯಲ್ಲಿ ಉಳಿದಿರುವುದು ಅವರಿಂದ.

ಶಾನುಭೋಗರು ಹೋದರು, ಜೋಕೂ ಹೋಯಿತು

ಹಳೆಯ ನಗೆಬರಹಗಳು ಇಂದಿನ ಓದುಗನಿಗೆ ಎಟುಕದೆ ಇರುವುದಕ್ಕೆ ಭಾಷೆ ಮಾತ್ರ ಕಾರಣವಲ್ಲ. ಅವು ನಿಂತಿದ್ದ ನೆಲವೇ ಸರಿದುಹೋಗಿದೆ. ಕೆಲವು ಬದಲಾವಣೆಗಳಿಗೆ ತಾರೀಖನ್ನೇ ಹೇಳಬಹುದು.

1957ರ ಏಪ್ರಿಲ್ 1ರಂದು ದೇಶದಲ್ಲಿ ದಶಮಾಂಶ ನಾಣ್ಯ ಜಾರಿಗೆ ಬಂದಿತು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಎಂಬ ಲೆಕ್ಕ ಹೋಗಿ ರೂಪಾಯಿಗೆ 100 ನಯೇ ಪೈಸೆ ಬಂದಿತು. ಒಂದಾಣೆಗೆ ಆರು ನಯೇ ಪೈಸೆಯೋ ಆರೂಕಾಲೋ ಎಂಬ ಕಾಲು ಪೈಸೆಯ ತಕರಾರು ಅಂದಿನ ಸಂತೆಗಳಲ್ಲಿ ಸಣ್ಣದಾಗಿರಲಿಲ್ಲ. 'ಹದಿನಾರಾಣೆ ಸತ್ಯ' ಎಂಬ ಮಾತು ಮಾತ್ರ ಇನ್ನೂ ಉಳಿದಿದೆ. ಹದಿನಾರೇ ಏಕೆ ಎಂದು ಕೇಳಿದರೆ ಉತ್ತರಿಸುವ ಮಕ್ಕಳು ಕಡಿಮೆ.

1958ರ ಅಕ್ಟೋಬರ್‌ನಿಂದ ಮೆಟ್ರಿಕ್ ತೂಕ, ಅಳತೆಗಳು ಹಂತಹಂತವಾಗಿ ಬಂದವು. ಪಾವು, ಅಚ್ಚೇರು, ಸೇರು, ಬಳ್ಳ, ಕೊಳಗ, ಖಂಡುಗ ಎಂಬ ಅಳತೆಗಳು ಅಂಗಡಿಯಿಂದ ಅಟ್ಟಕ್ಕೆ ಏರಿದವು. ಊರಿಂದ ಊರಿಗೆ ಸೇರಿನ ಗಾತ್ರ ಬದಲಾಗುತ್ತಿದ್ದ ಕಾಲದಲ್ಲಿ ಕೊಡುವಾಗ ಸಣ್ಣ ಸೇರು, ತೆಗೆದುಕೊಳ್ಳುವಾಗ ದೊಡ್ಡ ಸೇರು ಬಳಸುವ ಸಾಹುಕಾರನ ಕಥೆ ಎಲ್ಲ ಸೀಮೆಯಲ್ಲೂ ಇತ್ತು. ಕಿಲೋಗ್ರಾಂ ಬಂದ ಮೇಲೆ ಆ ಕಥೆ ಬಡಕಲಾಯಿತು. ಮೋಸ ನಿಂತಿತೆಂದಲ್ಲ, ಮೋಸಕ್ಕೆ ಮುಖವಿಲ್ಲದಂತಾಯಿತು.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಆದದ್ದು 1963ರ ಫೆಬ್ರುವರಿ 1ರಂದು. ಮೈಸೂರು ಗ್ರಾಮಾಧಿಕಾರಗಳ ರದ್ದಿಯಾತಿ ಕಾಯ್ದೆ 1961ರಲ್ಲಿ ಆಗಿ, ಆ ದಿನ ಜಾರಿಗೆ ಬಂದಿತು. ತಲೆತಲಾಂತರದಿಂದ ಬಂದ ಪಟೇಲಿಕೆ, ಶಾನುಭೋಗಿಕೆಗಳು ಕೊನೆಗೊಂಡವು. ಅಲ್ಲಿಯವರೆಗೆ ಊರಿನ ಲೆಕ್ಕವೆಲ್ಲ ಒಂದು ಮನೆಯ ಪೆಟ್ಟಿಗೆಯಲ್ಲಿತ್ತು. ಯಾರ ಹೊಲದ ಬದು ಎಲ್ಲಿಗೆ ಮುಗಿಯುತ್ತದೆ ಎಂಬುದು ಶಾನುಭೋಗರ ನೆನಪಿನಲ್ಲೂ ಅವರ ಮರ್ಜಿಯಲ್ಲೂ ಇತ್ತು. ಹಾಸ್ಯಗಾರರು ಶಾನುಭೋಗರನ್ನು ಬಿಡದೆ ಗೇಲಿ ಮಾಡಿದ್ದಕ್ಕೆ ಇದೇ ಕಾರಣ. ಎದುರು ನಿಂತು ಕೇಳಲಾಗದ ಲೆಕ್ಕವನ್ನು ಜನ ನಗೆಯಲ್ಲಿ ಕೇಳಿದರು. ಸಂಬಳದ ಗ್ರಾಮಲೆಕ್ಕಿಗರು ಬಂದ ಮೇಲೆ ಅಧಿಕಾರ ವರ್ಗವಾಗಿ ಹೋಗುವ ಸರ್ಕಾರಿ ನೌಕರನ ಕೈಗೆ ಹೋಯಿತು. ವರ್ಷ ಕಳೆದರೆ ಬೇರೆ ಊರಿಗೆ ಹೋಗುವವನ ಬಗ್ಗೆ ಊರು ಕಥೆ ಕಟ್ಟುವುದಿಲ್ಲ.

ರೈಲಿನ ವಿಷಯವೂ ಹಾಗೆಯೇ. ಬೆಂಗಳೂರಿನಿಂದ ಹರಿಹರದ ಕಡೆಗೆ ಹೋಗುವ ಮೀಟರ್ ಗೇಜ್ ದಾರಿ ಕಡೂರು, ಬೀರೂರು, ಅಜ್ಜಂಪುರಗಳನ್ನು ಮುಟ್ಟುತ್ತಿತ್ತು. ಬೀರೂರಿನಿಂದ ಶಿವಮೊಗ್ಗದ ಕವಲು ತರೀಕೆರೆಯ ಮೇಲೆ ಹೋಗುತ್ತಿತ್ತು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಾಡಿನ ನಡುವೆ ಒಂದು ಕಿರು ರೈಲೂ ಇತ್ತು. ಹೊರಟ ರೈಲಿನಿಂದ ಇಳಿದು, ಬೀಡಿ ಹಚ್ಚಿಕೊಂಡು, ಮತ್ತೆ ಓಡಿ ಹತ್ತಬಹುದು ಎಂಬ ಜೋಕು ಇಂಥ ರೈಲುಗಳಿದ್ದ ಕಡೆಯಲ್ಲೆಲ್ಲ ಹುಟ್ಟುವಂಥದ್ದು. ಚಿಕ್ಕಮಗಳೂರಿನವರು ರೈಲು ಹಿಡಿಯಲು ಕಡೂರಿಗೇ ಬರಬೇಕಾಗಿತ್ತು. ಕಡೂರು–ಚಿಕ್ಕಮಗಳೂರು ರೈಲು ಓಡಿದ್ದು 2013ರಲ್ಲಿ. ಅಷ್ಟು ಹೊತ್ತಿಗೆ 'ಬರುತ್ತದೆ ಬರುತ್ತದೆ' ಎಂದು ಕಾಯುತ್ತಿದ್ದ ಒಂದು ತಲೆಮಾರೇ ಮುಗಿದಿತ್ತು.

ಓದಿ ಹೇಳುವವನ ದನಿ

ಈ ಪತ್ರಿಕೆಗಳನ್ನು ಹಳ್ಳಿಯಲ್ಲಿ ಓದುತ್ತಿದ್ದವರು ಯಾರು ಎಂಬ ಪ್ರಶ್ನೆ ಏಳುವುದು ಸಹಜ. ಅಕ್ಷರ ಬಲ್ಲವರು ಊರಿಗೆ ಬೆರಳೆಣಿಕೆಯವರು. ಶಾಲೆಯ ಮೇಷ್ಟರು, ಅಂಚೆಯವರು, ಪೇಟೆಯಲ್ಲಿ ಓದಿ ರಜೆಗೆ ಬಂದ ಹುಡುಗರು. ಪತ್ರಿಕೆ ಒಬ್ಬನ ಕೈಗೆ ಬಂದರೆ ಜಗುಲಿಯ ಮೇಲೆ ಹತ್ತು ಮಂದಿಯ ಕಿವಿಗೆ ಬೀಳುತ್ತಿತ್ತು. ಆ ಕಾಲದ ನಗೆಬರಹಗಳಲ್ಲಿ ವಾಕ್ಯಗಳು ಮಾತಿನ ಏರಿಳಿತದಲ್ಲಿ ಇರುವುದಕ್ಕೂ, ಸಂಭಾಷಣೆ ಹೇರಳವಾಗಿರುವುದಕ್ಕೂ ಇದು ಒಂದು ಕಾರಣವಾಗಿರಬಹುದು. ಕಣ್ಣಿನಿಂದ ಓದಿದಾಗ ಸಪ್ಪೆಯೆನಿಸುವ ಪ್ರಸಂಗ, ಗಟ್ಟಿಯಾಗಿ ಓದಿದಾಗ ನಗೆ ತರಿಸುತ್ತದೆ. ಹಳೆಯ ಸಂಚಿಕೆ ಸಿಕ್ಕವರು ಈ ಪ್ರಯೋಗ ಮಾಡಿ ನೋಡಬಹುದು.

ಕೊರವಂಜಿ 1967ರಲ್ಲಿ ನಿಂತಿತು. ಅಷ್ಟು ಹೊತ್ತಿಗೆ ಕನ್ನಡ ಓದುಗರ ಮುಂದೆ ಬೇರೆ ಆಯ್ಕೆಗಳು ಬಂದಿದ್ದವು. 'ಕಸ್ತೂರಿ' ಮಾಸಪತ್ರಿಕೆ 1956ರಲ್ಲಿ, 'ಸುಧಾ' ವಾರಪತ್ರಿಕೆ 1965ರಲ್ಲಿ ಆರಂಭವಾಗಿದ್ದವು. ಕಥೆ, ಧಾರಾವಾಹಿ, ಸಿನಿಮಾ, ಮಕ್ಕಳ ಪುಟಗಳ ಜತೆಗೆ ಹಾಸ್ಯವೂ ಒಂದೇ ಪತ್ರಿಕೆಯಲ್ಲಿ ದೊರೆಯುವಾಗ ಹಾಸ್ಯಕ್ಕೆಂದೇ ಬೇರೆ ಪತ್ರಿಕೆ ಕೊಳ್ಳುವವರು ಕಡಿಮೆಯಾಗುವುದು ಸಹಜ. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀಚಿಯವರ 'ತಿಂಮ' ಈ ದಶಕಗಳಲ್ಲೇ ಮನೆಮಾತಾದ. ರಾಶಿಯವರ ಕನಸು ಮಾತ್ರ ಅಲ್ಲಿಗೇ ಮುಗಿಯಲಿಲ್ಲ. 1983ರಲ್ಲಿ 'ಅಪರಂಜಿ' ಎಂಬ ಹೆಸರಿನಲ್ಲಿ ಮತ್ತೊಂದು ನಗೆಪತ್ರಿಕೆ ಹುಟ್ಟಿತು. ಪುಟಕ್ಕಿಟ್ಟ ಚಿನ್ನ ಎಂಬ ಅರ್ಥ. ಜತೆಗೆ ಕೊರವಂಜಿಯೊಡನೆ ಪ್ರಾಸ. 1984ರಲ್ಲಿ ರಾಶಿಯವರು ನಿಧನರಾದರು.

ಹಳ್ಳಿಯ ನಗೆ ಬೇರೆ ದಾರಿಗಳನ್ನೂ ಹಿಡಿಯಿತು. ಗೊರೂರರ ಕಥೆಯನ್ನು ಆಧರಿಸಿದ 'ಭೂತಯ್ಯನ ಮಗ ಅಯ್ಯು' ಚಲನಚಿತ್ರ 1974ರಲ್ಲಿ ತೆರೆಗೆ ಬಂದಿತು. ಅದರ ಚಿತ್ರೀಕರಣ ನಡೆದದ್ದು ಚಿಕ್ಕಮಗಳೂರು ಬಳಿಯ ಕಳಸಾಪುರದಲ್ಲಿ. ಅದೇ ಜಿಲ್ಲೆಯ ಮೂಡಿಗೆರೆಯಲ್ಲಿ ನೆಲೆಸಿದ ಪೂರ್ಣಚಂದ್ರ ತೇಜಸ್ವಿಯವರು ನಾಯಿ, ಜೇನು, ಹಾವು, ಕೂಲಿಯಾಳು, ಸರ್ಕಾರಿ ಕಚೇರಿ ಎಲ್ಲವನ್ನೂ ಒಂದೇ ಕುತೂಹಲದಿಂದ ನೋಡುವ ಹೊಸ ಹಾಸ್ಯವನ್ನು ಕನ್ನಡಕ್ಕೆ ಕೊಟ್ಟರು. ತಂದೆ ಕುವೆಂಪು 1933ರಲ್ಲಿ ಬರೆದ ಚಿತ್ರಗಳ ಮುಂದುವರಿಕೆಯನ್ನು ಮಗನ ಬರಹದಲ್ಲಿ ಕಾಣಬಹುದು.

ಉಳಿಸಬೇಕಾದದ್ದು

ಹಳೆಯ ಪತ್ರಿಕೆಗಳ ಪುಟಗಳನ್ನು ಉಳಿಸುವುದು ಈಗ ಮೊದಲಿನಷ್ಟು ಕಷ್ಟವಲ್ಲ. ಸ್ಕ್ಯಾನ್ ಮಾಡಿ ಇಡಬಹುದು. ಆದರೆ ಪುಟ ಉಳಿದರೆ ನಗೆ ಉಳಿಯುತ್ತದೆ ಎಂದೇನೂ ಇಲ್ಲ. 'ಅಮಲ್ದಾರರ ಸವಾರಿ ಬಂತು' ಎಂಬ ಒಂದು ಸಾಲಿಗೆ ಏಕೆ ಜಗುಲಿಯೆಲ್ಲ ನಗುತ್ತಿತ್ತು ಎಂದು ಹೇಳಬಲ್ಲವರು ಬೇಕು. ಕೊರವಂಜಿ ಹುಟ್ಟಿದ ವರ್ಷ ಹುಟ್ಟಿದವರಿಗೆ ಈಗ ಎಂಬತ್ತು ದಾಟಿದೆ. ಇದ್ದಿಲು ಬಸ್ಸು ತಳ್ಳಿದವರು, ಲೆವಿ ಅಳೆದದ್ದನ್ನು ಕಣ್ಣಾರೆ ಕಂಡವರು ತೀರ ವಿರಳ. ಶಾನುಭೋಗರ ಮನೆಯ ಜಗುಲಿಯಲ್ಲಿ ಕಾದು ಕುಳಿತವರು, ಕಾಲು ಪೈಸೆಗೆ ಸಂತೆಯಲ್ಲಿ ಜಗಳವಾಡಿದವರು ಇನ್ನೂ ಕೆಲವರು ಊರೂರಿನಲ್ಲಿ ಇದ್ದಾರೆ.

ಶಾಲೆ, ಕಾಲೇಜುಗಳಲ್ಲಿ ಸ್ಥಳೀಯ ಇತಿಹಾಸವೆಂದರೆ ಶಾಸನ, ವೀರಗಲ್ಲು, ದೇವಸ್ಥಾನಗಳ ಪಟ್ಟಿ ಮಾಡುವುದು ರೂಢಿ. ಅದು ಬೇಕಾದದ್ದೇ. ಜತೆಗೆ ಹಳೆಯ ನಗೆಬರಹವೊಂದನ್ನು ಹಿಡಿದುಕೊಂಡು ಹೋಗಿ ಊರಿನ ಹಿರಿಯರ ಮುಂದೆ ಗಟ್ಟಿಯಾಗಿ ಓದಿ, ಅವರು ಎಲ್ಲಿ ನಕ್ಕರು, ಏಕೆ ನಕ್ಕರು ಎಂದು ಬರೆದುಕೊಂಡರೆ ಅದೂ ಇತಿಹಾಸವೇ. ಕಲ್ಲಿನ ಮೇಲೆ ಬರೆದದ್ದು ಇನ್ನೂ ನೂರು ವರ್ಷ ಕಾಯುತ್ತದೆ. ಜಗುಲಿಯ ಮೇಲಿನ ಅಜ್ಜ ಅಷ್ಟು ದಿನ ಕಾಯಲಾರ.